ನೆಲದಡಿಯ ನೀರು

ಗುಲ್ಷನ್ ಬೀ ಅಮ್ಮನವರಿಗೆ, ಮೊಳಕಾಲ್ಮೂರಿನ ನಿಮ್ಮ ಬಾಡಿಗೆ ಮನೆಯಿಂದ ವನಜಾಕ್ಷಿಯ ನಮಸ್ಕಾರ.

ಮೇಸ್ತ್ರಿ ಕಾಂಕ್ರೀಟ್ ನೆಲಕ್ಕೆ ಬಣ್ಣ ಬಳಿದ ಮೇಲೆ ಧೂಳು ಏಳುತ್ತಿಲ್ಲ, ಮಗ್ಗದ ರೇಷ್ಮೆ ಶುಭ್ರವಾಗಿದೆ. ಆದರೆ ಒಂದು ಮೂಲೆಯಲ್ಲಿ ಬಣ್ಣ ಗುಳ್ಳೆಯೆದ್ದಿತು. ಅಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ, ಅಂಚಿಗೆಲ್ಲ ಟೇಪ್ ಅಂಟಿಸಿದೆ. ಬೆಳಿಗ್ಗೆ ಎತ್ತಿದರೆ ಹಾಳೆಯ ಅಡಿಯಲ್ಲಿ ಹನಿಗಳು! ತೇವ ನೆಲದೊಳಗಿಂದಲೇ ಬರುತ್ತಿದೆ. ಈ ಬಿಸಿಲೂರಿನಲ್ಲಿ ನೀರು ಎಲ್ಲಿಂದ ಬಂತು?

ಪಕ್ಕದ ಮನೆಯ ಲಕ್ಷ್ಮಕ್ಕನನ್ನು ಕೇಳಿದೆ. "ಅಲ್ಲೊಂದು ಸೇದೋ ಬಾವಿ ಐತಮ್ಮ. ಬತ್ತೋಯ್ತು ಅಂತ ಬೀಯವ್ರ ಮಾವ ಚಪ್ಪಡಿ ಹಾಕಿ ಮುಚ್ಚಿಸಿದ್ರು" ಎಂದರು.

ನಮ್ಮ ಯಜಮಾನರು ಬೇರೆ ಮನೆ ನೋಡೋಣ ಎನ್ನುತ್ತಾರೆ. ನನಗೆ ಮನಸ್ಸಿಲ್ಲ, ಮಗ್ಗವನ್ನು ಒಳಕೋಣೆಗೆ ಸಾಗಿಸಿದ್ದೇನೆ. ಮೇಸ್ತ್ರಿ ಮತ್ತೆ ಬಣ್ಣ ಬಳಿಯುವ ಮೊದಲು ಆ ಮೂಲೆ ಒಡೆಸಿ ನೋಡೋಣವೇ?

ಚಳ್ಳಕೆರೆಯಿಂದ ಬರುವಾಗ ಉದ್ದನೆಯ ಹಗ್ಗ ತನ್ನಿ. ಕೊಡ ನನ್ನ ಬಳಿ ಇದೆ.

ನಿಮ್ಮ ದಾರಿ ಕಾಯುವ,
ವನಜಾಕ್ಷಿ