ಜಾಣೆಯೊಳಗೆ ಕೂತವರು

ಮನೆಯಿಂದ,
ಮಾರ್ಚ್ 12, ಬುಧವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಸೊಂಟನೋವು ಕಮ್ಮಿಯಾಯ್ತಾ? ಹೋದ ಕಾಗದದಲ್ಲಿ ನೀನು ಹಡಗಿನ ಅಡುಗೆಯವನನ್ನ ಬೈದು ಬೈದು ಬರೆದಿದ್ದೆ. ಅವನು ಉಪ್ಪು ಹಾಕೋದು ಕಲಿತನಾ, ಇಲ್ಲ ಸುತ್ತಾ ಇಷ್ಟು ಉಪ್ಪು ಇದೆಯಲ್ಲ, ಮತ್ತೆ ಯಾಕೆ ಅಂತ ಬಿಟ್ಟೇಬಿಟ್ಟಿದ್ದಾನಾ? ಬಿಸಿಲಲ್ಲಿ ಡೆಕ್ ಮೇಲೆ ನಿಲ್ಲೋವಾಗ ತಲೆಗೆ ಏನಾದ್ರೂ ಸುತ್ತಿಕೋ. ನಿದ್ದೆ ಸರಿಯಾಗಿ ಮಾಡು. ಇಲ್ಲಿ ಎಲ್ಲಾ ಕ್ಷೇಮ ಅಂತ ಬರೆಯೋಕೆ ಹೊರಟೆ, ಕೈ ಮುಂದಕ್ಕೆ ಹೋಗಲಿಲ್ಲ ಕಣೋ. ನಿನ್ನೆಯಿಂದ ನನ್ನ ತಲೆ ನನ್ನ ಹತೋಟಿಯಲ್ಲಿ ಇಲ್ಲ. ಫೋನಿನಲ್ಲಿ ಹೇಳೋಣ ಅಂದ್ರೆ ನಿಮ್ಮ ಹಡಗಿನ ಫೋನು ಕ್ಯಾಪ್ಟನ್ ಕೋಣೆಯಲ್ಲಿದೆ, ನೀನು ಹ್ಞೂಂ ಅಂದ್ರೂ ನಾಲ್ಕು ಜನ ಕಿವಿ ನಿಮಿರಿಸ್ತಾರೆ. ಸಮುದ್ರದ ತಳದಲ್ಲಿ ಹರಿದ ಕೇಬಲ್ ಜೋಡಿಸಿ ಪ್ರಪಂಚಕ್ಕೆಲ್ಲ ಇಂಟರ್ನೆಟ್ ಕೊಡೋನು ನೀನು, ನಿನಗೆ ಮನೆ ಸುದ್ದಿ ಮುಟ್ಟಬೇಕಾದ್ರೆ ಕಂಪನಿಯ ಟಪಾಲು ಚೀಲವೇ ಬೇಕು. ದೀಪದ ಬುಡದಲ್ಲಿ ಕತ್ತಲೆ ಅನ್ನೋದು ಇದಕ್ಕೇ ಇರಬೇಕು.

ನೀನು ಹೊರಡೋ ಮುಂಚೆ ಅಮ್ಮನ ಫೋನಿಗೆ ‘ಜಾಣೆ’ ಅಂತ ಒಂದು ಆ್ಯಪ್ ಹಾಕಿಕೊಟ್ಟೆಯಲ್ಲ, ನೆನಪಿದೆಯಾ? ಆರೋಗ್ಯದ ಬಗ್ಗೆ ಏನು ಕೇಳಿದ್ರೂ ಯಂತ್ರವೇ ಉತ್ತರ ಕೊಡುತ್ತೆ, ಯಾರ ಹಂಗೂ ಇಲ್ಲ, ಇನ್ನೇನು ಡಾಕ್ಟರುಗಳೆಲ್ಲ ಅಂಗಡಿ ಮುಚ್ಚಬೇಕು ಅಂತ ಊಟಕ್ಕೆ ಕೂತಾಗ ದೊಡ್ಡ ಭಾಷಣ ಬಿಗಿದೆ. ನಾನು ತುಟಿ ಕಚ್ಚಿಕೊಂಡು ಸುಮ್ಮನಿದ್ದೆ. ಇವಳಿಗೆ ಹೊಸದು ಯಾವುದೂ ಸೇರಲ್ಲ ಅಂತ ನೀನು ನನಗೇ ಅಂದೆ. ಈಗ ಕೇಳು. ಗಟ್ಟಿಯಾಗಿ ಏನನ್ನಾದ್ರೂ ಹಿಡಿದುಕೊಂಡು ಕೇಳು. ನಾನು ಡೇಟಾ ಎಂಟ್ರಿ ಕೆಲಸಕ್ಕೆ ಹೋಗ್ತೀನಿ ಅಂತ ನಿಮಗೆಲ್ಲ ಹೇಳಿದ್ದೀನಲ್ಲ, ಅಣ್ಣಾ, ಜಾಣೆ ಅಂದ್ರೆ ನಾನು! ನಾನೊಬ್ಬಳೇ ಅಲ್ಲ, ಒಂದು ಉದ್ದನೆ ಕೋಣೆ ತುಂಬಾ ಹೆಂಗಸರು ಕೂತು ಬೆಳಗಿಂದ ಸಂಜೆ ತನಕ ಟೈಪ್ ಮಾಡ್ತೀವಿ, ನಾವೆಲ್ಲ ಸೇರಿ ಜಾಣೆ. ಹೊರಗೆ ಬಾಯಿಬಿಟ್ಟರೆ ಅವತ್ತೇ ಕೆಲಸದಿಂದ ಕಿತ್ತುಹಾಕ್ತೀವಿ ಅಂತ ಸೇರೋವಾಗಲೇ ಸಹಿ ಹಾಕಿಸಿಕೊಂಡಿದ್ದಾರೆ.

ಯಂತ್ರ ಇರಲೇ ಇಲ್ಲ ಅಂತಲ್ಲ. ಇತ್ತಂತೆ ಪಾಪ. ಹಲ್ಲುನೋವು ಅಂದವರಿಗೆ ಚಪ್ಪಲಿ ಬದಲಾಯಿಸಿ ಅಂದಿತಂತೆ. ಹೊಟ್ಟೆ ಉಬ್ಬರ ಅಂತ ಬರೆದ ಒಬ್ಬ ಗಂಡಸಿಗೆ ಅಭಿನಂದನೆಗಳು, ಎಷ್ಟನೇ ತಿಂಗಳು ಅಂತ ಕೇಳಿತಂತೆ. ಅದು ಕಲಿಯೋ ತನಕ ನೀವು ಕೂತಿರಿ ಅಂತ ನಮ್ಮನ್ನ ಕರೆದು ಕೂರಿಸಿದ್ರು. ಅದು ಇನ್ನೂ ಕಲೀತಾನೇ ಇದೆ, ನಾವು ಇನ್ನೂ ಕೂತೇ ಇದ್ದೀವಿ. ಮಜಾ ಏನು ಗೊತ್ತಾ? ಬೆಳಿಗ್ಗೆ ಲಾಗಿನ್ ಆಗಬೇಕಾದ್ರೆ ‘ನಾನು ರೋಬೋಟ್ ಅಲ್ಲ’ ಅನ್ನೋ ಚೌಕಕ್ಕೆ ಟಿಕ್ ಹಾಕಬೇಕು, ಸಿಗ್ನಲ್ ದೀಪ ಇರೋ ಚಿತ್ರಗಳನ್ನೆಲ್ಲ ಆರಿಸಿ ಮನುಷ್ಯಳು ಅಂತ ಸಾಬೀತು ಮಾಡಬೇಕು. ಸಾಬೀತಾದ ಮೇಲೆ ಒಳಗೆ ಹೋಗಿ ಸಂಜೆ ತನಕ ರೋಬೋಟ್ ಆಗಿ ಕೂರಬೇಕು. ಉತ್ತರ ತಕ್ಷಣ ಗೊತ್ತಿದ್ರೂ ಕೊಡೋ ಹಾಗಿಲ್ಲ. ‘ಜಾಣೆ ಯೋಚಿಸುತ್ತಿದ್ದಾಳೆ’ ಅಂತ ಮೂರು ಚುಕ್ಕಿ ಕುಣಿಸಬೇಕು. ಆ ಚುಕ್ಕಿ ಕುಣಿಯೋವಾಗ ನಾವು ಟೀ ಗುಟುಕರಿಸ್ತೀವಿ.

ನನ್ನ ಪಕ್ಕದ ಸೀಟಿನ ಕನ್ನಡಕದವಳಿಗೆ ಟೆಕ್ ಸುದ್ದಿ ಓದೋ ಹುಚ್ಚು. ದಿನಾ ಟೀ ಹೊತ್ತಿಗೆ ಪ್ರವಚನ. ಯಾವುದೋ ಕಂಪನಿ ತಾನೇ ಸಾಮಾನು ತರಿಸಿಕೊಳ್ಳೋ ಫ್ರಿಜ್ ಮಾಡಿದೆಯಂತೆ, ಅವಳು ಅಂತಾಳೆ, ಮೊದಲು ತಾನೇ ತನ್ನ ಒಳಗನ್ನ ಒರೆಸಿಕೊಳ್ಳೋ ಫ್ರಿಜ್ ಮಾಡಲಿ, ಆಮೇಲೆ ಮಾತಾಡೋಣ. ಎಲ್ಲಾ ಕಡೆ ಅಪ್‌ಡೇಟ್ ಅಪ್‌ಡೇಟ್ ಅಂತಾರಲ್ಲ, ಅದು ಮನೆಗೆ ಬಂದ ನೆಂಟ ಪಾತ್ರೆಗಳನ್ನೆಲ್ಲ ಬೇರೆ ಬೇರೆ ಜಾಗಕ್ಕೆ ಎತ್ತಿಟ್ಟು ಹೋಗೋದು ಅಂತಾಳೆ. ಒಂದು ದಿನ ಅವಳೇ ಕೈತಪ್ಪಿ ಒಬ್ಬರಿಗೆ ‘ಅಯ್ಯೋ ಪಾಪ’ ಅಂತ ಟೈಪ್ ಮಾಡಿ ಕಳಿಸಿಬಿಟ್ಟಳು. ಇನ್ನೇನು ಕೆಲಸ ಹೋಯ್ತು ಅಂತ ನಡುಗ್ತಾ ಕೂತಿದ್ರೆ ಮಾರನೇ ವಾರ ಸುದ್ದಿ ಬಂತು, ಜಾಣೆಯ ಹೊಸ ಆವೃತ್ತಿ ಮರುಕ ಪಡೋದನ್ನ ಕಲಿತಿದೆ, ಯಂತ್ರ ಅಯ್ಯೋ ಅನ್ನುತ್ತಿದೆ ಅಂತ! ಹಣ ಹಾಕೋ ದೊಡ್ಡ ಮನುಷ್ಯರು ಓಡಿಬಂದ್ರು. ಅವರು ಬಂದಾಗ ನಮ್ಮನ್ನೆಲ್ಲ ಹಿಂದಿನ ಮೆಟ್ಟಿಲ ಮೇಲೆ ಕೂರಿಸಿ ಬಾಗಿಲು ಹಾಕಿದ್ರು. ಜಾಣೆ ಅರ್ಧ ದಿನ ಮೆಟ್ಟಿಲ ಮೇಲೆ ಕೂತು ಕಡಲೆ ತಿಂದಳು.

ನಗಬೇಡ, ಈಗ ಬರ್ತೀನಿ ವಿಷಯಕ್ಕೆ. ಜಾಣೆಗೆ ಬರೆಯೋರಲ್ಲಿ ಒಬ್ಬರು ನಮ್ಮ ಕೋಣೆಗೆಲ್ಲ ಅಚ್ಚುಮೆಚ್ಚು. ಹೆಸರು ನಮಗೆ ಕಾಣಲ್ಲ, ಒಂದು ನಂಬರು ಮಾತ್ರ ಕಾಣುತ್ತೆ. ಅವರ ಮಾತು ಯಾರ ಸೀಟಿಗೆ ಬಂದ್ರೂ ಮೊದಲು ‘ಬಿಡುವಾಗಿದ್ದೀಯೇನಮ್ಮಾ?’ ಅಂತಾನೇ ಶುರು. ಯಂತ್ರಕ್ಕೆ! ಆಮೇಲೆ ನಿಧಾನವಾಗಿ ಹೇಳು, ಅವಸರ ಇಲ್ಲ ಅಂತಾರಂತೆ. ಇಷ್ಟು ಜನಕ್ಕೆ ಉತ್ತರ ಕೊಟ್ಟು ಕೈ ನೋಯಲ್ವಾ ಅಂತ ಕೇಳ್ತಾರಂತೆ. ನಾವು ಅವರಿಗೆ ಬಿಡುವಮ್ಮ ಅಂತ ಹೆಸರಿಟ್ಟಿದ್ವಿ. ಇವತ್ತು ಬಿಡುವಮ್ಮ ಹೀಗಂದ್ರು ಅಂತ ಒಬ್ಬೊಬ್ಬರೂ ಹೇಳೋದು, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗೋದು. ನಾನೂ ನಗ್ತಿದ್ದೆ ಅಣ್ಣಾ. ಎಲ್ಲರಿಗಿಂತ ಜೋರಾಗಿ. ನನ್ನ ಸೀಟಿಗೆ ಮಾತ್ರ ಅವರ ಮಾತು ಯಾವತ್ತೂ ಬಂದಿರಲಿಲ್ಲ, ನನಗೆ ಅದೃಷ್ಟ ಇಲ್ಲ ಅಂತ ಗೊಣಗಿಕೊಂಡೂ ಇದ್ದೆ.

ನಿನ್ನೆ ಮಧ್ಯಾಹ್ನ ಬಂತು. ಬಿಡುವಾಗಿದ್ದೀಯೇನಮ್ಮಾ ಅಂತ ಕಂಡ ಕೂಡಲೇ ನಾನು ಕನ್ನಡಕದವಳ ತೋಳು ಹಿಂಡಿದೆ, ನೋಡೇ ನೋಡೇ ಬಂದ್ರು ಅಂತ. ಮುಂದಿನ ಸಾಲು ಬಂತು. ‘ನಾನು ಹೇಳಿದ್ನಲ್ಲ ಎದೆಯ ಎಡಗಡೆ ಗಂಟು, ಮೊದಲು ಅಂಗಿ ಗುಂಡಿಯಷ್ಟಿತ್ತು, ಈಗ ಕೋಟಿನ ಗುಂಡಿಯಷ್ಟಾಗಿದೆ. ದೊಡ್ಡದು, ನಾಲ್ಕು ತೂತಿನದು. ಕಾಜಕ್ಕೆ ಹಾಕಿದ್ರೆ ಬಿಗಿಯಾಗುತ್ತಲ್ಲ, ಹಾಗೆ ಒಳಗೆ ಕಚ್ಚಿಕೊಂಡಿದೆ.’ ಅಣ್ಣಾ, ಈ ಭೂಮಿ ಮೇಲೆ ಎಷ್ಟೋ ಜನ ದರ್ಜಿಗಳಿದ್ದಾರೆ, ಒಪ್ಪಿಕೊಳ್ತೀನಿ. ಆದ್ರೆ ಗುಂಡಿಗೆ ಎಷ್ಟು ತೂತು ಅಂತ ಹೇಳದೆ ಗುಂಡಿಯ ಮಾತೇ ಎತ್ತದ ದರ್ಜಿ ಒಬ್ಬಳೇ. ಅಂಗಡಿ ಮುಚ್ಚಿ ಇಷ್ಟು ದಿನ ಆದ್ರೂ ಬಸ್ಸಿನಲ್ಲಿ ಎದುರು ಕೂತವರ ಕೋಟು ನೋಡಿ ಎರಡು ತೂತು, ನಾಲ್ಕು ತೂತು ಅಂತ ನಮ್ಮ ಕಿವಿಯಲ್ಲಿ ಪಿಸುಗುಡೋಳು. ಆ ಮೂರು ಚುಕ್ಕಿ ಕುಣೀತಾನೇ ಇತ್ತು, ನನ್ನ ಬೆರಳು ಏಳಲೇ ಇಲ್ಲ.

ಅಮ್ಮ! ಫೋನಿನಲ್ಲಿ ಟಾರ್ಚ್ ಬಿಟ್ಟರೆ ಬೇರೇನೂ ಒತ್ತಲ್ಲ ಅಂತ ನಾವು ಅಂದುಕೊಂಡಿದ್ದ ಅಮ್ಮ! ಸ್ಕ್ರೀನನ್ನ ಮೇಲಕ್ಕೆ ಎಳೆದು ಹಳೇದೆಲ್ಲ ಓದಿದೆ. ನೀನು ಹೋದ ಮೇಲಿಂದ ಬರೀತಿದ್ದಾಳೆ. ಗಂಟಿನ ವಿಷಯ ನಮ್ಮ ಕೋಣೆಯ ಅರ್ಧ ಜನಕ್ಕೆ ಹೇಳಿದ್ದಾಳೆ, ಅವರೆಲ್ಲ ಸಿದ್ಧ ಉತ್ತರ ಒತ್ತಿದ್ದಾರೆ, ಮಾನ್ಯರೇ, ದಯವಿಟ್ಟು ತಜ್ಞ ವೈದ್ಯರನ್ನು ಸಂಪರ್ಕಿಸಿ. ಅದಕ್ಕೆ ಅಮ್ಮ ಪ್ರತಿ ಸಲವೂ ಆಗಲಿ ಕಣಮ್ಮಾ ಅಂತಾಳೆ. ಮಗನ ಹಡಗು ದಡ ಮುಟ್ಟಲಿ, ಮಗಳ ಕೆಲಸ ಖಾಯಂ ಆಗಲಿ, ಆಮೇಲೆ ಹೋಗ್ತೀನಿ ಅಂತಾಳೆ. ಒಂದು ಕಡೆ ಬರೆದಿದ್ದಾಳೆ, ‘ಮಗಳಿಗೆ ಹೇಳೋ ಹಾಗಿಲ್ಲ, ಮನೆ ತಲೆ ಮೇಲೆ ಹೊತ್ಕೊಂಡು ಕುಣೀತಾಳೆ. ಮಗನಿಗೆ ಹೇಳಿದ್ರೆ ನೀರಿಗೆ ಹಾರಿ ಈಜಿಕೊಂಡು ಬಂದುಬಿಡ್ತಾನೆ. ನಿನಗಾದ್ರೆ ಹೇಳಬಹುದು, ನೀನು ಹೆದರಿಕೊಳ್ಳಲ್ಲ.’ ನಾನು ಸಿದ್ಧ ಉತ್ತರ ಒತ್ತಿ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ. ನಮ್ಮ ಮೇಲ್ವಿಚಾರಕಿ, ಅವರನ್ನ ನಾವು ಗಡಿಯಾರಮ್ಮ ಅಂತೀವಿ, ಬಾಗಿಲು ಬಡಿದು ಎಷ್ಟು ಹೊತ್ತು ಅಂತ ಗದರಿದ್ರು.

ಸಂಜೆ ಮನೆಗೆ ಬಂದ್ರೆ ಅಮ್ಮ ಕಿಟಕಿ ಹತ್ತಿರ ಕೂತು ದಿಂಬಿನ ಗವಸು ಹೊಲೀತಿದ್ದಳು. ಮೈ ಹುಷಾರಾಗಿದ್ಯಾ ಅಮ್ಮಾ ಅಂತ ಕೇಳಿದೆ. ನನಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೀನಿ, ನಿನ್ನ ಮುಖ ನೋಡಿಕೋ ಮೊದಲು, ಆ ಕಂಪ್ಯೂಟರ್ ನಿನ್ನನ್ನ ಹೀರಿ ಹಿಪ್ಪೆ ಮಾಡಿದೆ ಅಂದಳು. ಊಟಕ್ಕೆ ಕೂತಾಗ ಬಡಿಸ್ತಾ ಬಡಿಸ್ತಾ ಎಡಗೈ ಎತ್ತದೇ ಬಲಗೈಯಲ್ಲೇ ಎಲ್ಲಾ ಮಾಡೋದು ಕಂಡಿತು. ಇಷ್ಟು ದಿನ ನನಗೆ ಅದು ಕಂಡೇ ಇರಲಿಲ್ಲವಲ್ಲ! ಕಣ್ಣೆದುರಿಗೆ ಕೂತ ಮಗಳಿಗೆ ಹೇಳದ್ದನ್ನ ಯಂತ್ರಕ್ಕೆ ಹೇಳಿದ್ದಾಳೆ, ಆ ಯಂತ್ರ ನೋಡಿದ್ರೆ ಅದೇ ಮಗಳು. ನನಗೆ ಸಿಟ್ಟು ಬರ್ತಿದೆ. ಅಮ್ಮನ ಮೇಲೆ, ಜಾಣೆ ಮೇಲೆ, ಆ ಆ್ಯಪ್ ಹಾಕಿಕೊಟ್ಟ ನಿನ್ನ ಮೇಲೂ. ಆಮೇಲೆ ಅನಿಸುತ್ತೆ, ನೀನು ಹಾಕಿಕೊಡದೇ ಇದ್ದಿದ್ರೆ ಈ ಸುದ್ದಿ ಯಾರಿಗೂ ಗೊತ್ತಾಗ್ತಿರಲಿಲ್ಲ. ನಿನ್ನನ್ನ ಬೈಯಬೇಕೋ ಮುದ್ದು ಮಾಡಬೇಕೋ ತಿಳೀತಿಲ್ಲ.

ಈಗ ನಾನು ಏನು ಮಾಡಲಿ ಹೇಳು. ಜಾಣೆ ನಾನೇ ಅಂದ್ರೆ ಕೆಲಸ ಹೋಗುತ್ತೆ, ಹೋಗಲಿ, ಹಾಳಾಗಲಿ. ಆದ್ರೆ ಅಮ್ಮ ನಾಚಿಕೆಯಿಂದ ಮುದುರಿಹೋಗ್ತಾಳೆ. ಕೋಣೆ ತುಂಬಾ ಜನ ತನ್ನ ಎದೆಯ ಮಾತು ಓದಿದ್ರು ಅಂತ ಗೊತ್ತಾದ್ರೆ ಮತ್ತೆ ಯಾರ ಹತ್ತಿರವೂ ಬಾಯಿ ಬಿಡಲ್ಲ, ಆಸ್ಪತ್ರೆ ಕಡೆ ತಲೆ ಹಾಕಿ ಮಲಗಲ್ಲ. ಅವಳ ಹಠ ನಿನಗೆ ಗೊತ್ತಲ್ಲ. ಹೇಳದೇ ಇದ್ರೆ ಆ ಗಂಟು ನಿನ್ನ ಹಡಗಿಗೂ ಕಾಯಲ್ಲ, ನನ್ನ ಖಾಯಂಗೂ ಕಾಯಲ್ಲ. ನಿನ್ನ ಉತ್ತರ ಬರೋ ಹೊತ್ತಿಗೆ ಏನೇನಾಗಿರುತ್ತೋ, ಆದ್ರೂ ಕೇಳ್ತಿದ್ದೀನಿ. ಚಿಕ್ಕಂದಿನಿಂದ ನಿನ್ನನ್ನ ಕೇಳಿಯೇ ಅಭ್ಯಾಸ. ಸದ್ಯಕ್ಕೆ ಕನ್ನಡಕದವಳಿಗೆ ಮಾತ್ರ ಹೇಳಿದ್ದೀನಿ. ಅವಳು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದಳು. ಇನ್ನು ಮೇಲೆ ಅಮ್ಮನ ಮಾತು ಯಾರ ಸೀಟಿಗೆ ಬಂದ್ರೂ ನನ್ನ ಕಡೆಗೇ ತಳ್ಳಿಸ್ತೀನಿ ಅಂದಳು.

ಮೈ ಕಡೆ ಗಮನ ಇರಲಿ. ನಿನ್ನ ಜೊತೆಗಾರರಿಗೆಲ್ಲ ನನ್ನ ನಮಸ್ಕಾರ ಹೇಳು, ಅಡುಗೆಯವನಿಗೂ. ಅಮ್ಮ ಎಂದಿನಂತೆ ಆಶೀರ್ವಾದ ಕಳಿಸಿದ್ದಾಳೆ, ಜೊತೆಗೆ ತಾನು ಗಟ್ಟಿಮುಟ್ಟಾಗಿದ್ದೀನಿ ಅಂತ ಒತ್ತಿ ಬರೀಬೇಕಂತೆ. ಬರೆದಿದ್ದೀನಿ.

ನಿನ್ನ ಬಾಯಿಬಡುಕಿ ತಂಗಿ

ಮರೆತಿದ್ದು, ಗುರುವಾರ ಸಂಜೆ: ಅಂಟಿಸಿದ್ದ ಲಕೋಟೆ ಹರಿದು ಬರೀತಿದ್ದೀನಿ, ಚೀಲ ಹೊರಡೋಕೆ ಹೊತ್ತಿಲ್ಲ, ಅಕ್ಷರ ವಕ್ರ ಇದ್ರೆ ಬೈಯಬೇಡ. ಇವತ್ತು ಅಮ್ಮ ಮತ್ತೆ ಬರೆದಳು. ನಾನು ಸಿದ್ಧ ಉತ್ತರ ಎಲ್ಲಾ ಪಕ್ಕಕ್ಕಿಟ್ಟು ಜಾಣೆಯಾಗೇ ಗದರಿದೆ, ಹಡಗು ಬರೋ ತನಕ ಗಂಟು ಕಾಯಲ್ಲ, ಈ ಸೋಮವಾರವೇ ತೋರಿಸಿ ಅಂತ. ಎಷ್ಟೋ ಹೊತ್ತು ಜಗ್ಗಾಡಿ ಕೊನೆಗೆ ಆಗಲಿ ಬಿಡಮ್ಮಾ ಅಂದಳು. ಆಮೇಲೆ ಬರೆದಳು, ‘ಒಬ್ಬಳೇ ಹೋಗೋಕೆ ಭಯ ಆಗುತ್ತೆ ಕಣೇ. ನೀನು ಮನುಷ್ಯಳಾಗಿದ್ದಿದ್ರೆ ಜೊತೆಗೆ ಬಾ ಅಂತಿದ್ದೆ.’ ಇದಕ್ಕೂ ನಮ್ಮ ಹತ್ತಿರ ಸಿದ್ಧ ಉತ್ತರ ಇದೆ ಅಣ್ಣಾ, ನಾನು ಕಂಪ್ಯೂಟರ್ ಪ್ರೋಗ್ರಾಮ್, ಖುದ್ದಾಗಿ ಬರಲು ಸಾಧ್ಯವಿಲ್ಲ ಅಂತ. ಗಡಿಯಾರಮ್ಮ ನನ್ನ ಬೆನ್ನ ಹಿಂದೆಯೇ ನಿಂತಿದ್ದರು. ನಾನು ‘ಬರ್ತೀನಿ ಕಣಮ್ಮಾ, ನಾನೇ ಕರ್ಕೊಂಡು ಹೋಗ್ತೀನಿ’ ಅಂತ ಟೈಪ್ ಮಾಡಿ ಕಳಿಸಿಬಿಟ್ಟೆ. ಗಡಿಯಾರಮ್ಮ ಓದಿದ್ರು, ತಮ್ಮ ಕೋಣೆಗೆ ಹೋದ್ರು. ನಾಳೆ ಒಳಗೆ ಬಿಡ್ತಾರೋ ಇಲ್ಲವೋ ಗೊತ್ತಿಲ್ಲ. ಎಷ್ಟೋ ಹೊತ್ತಾದ ಮೇಲೆ ಅಮ್ಮನಿಂದ ಒಂದು ಸಾಲು ಬಂತು. ‘ಕೆಲಸ ಬಿಟ್ಟು ಬರಬೇಡ. ರಜಾ ಬರೆದುಕೊಟ್ಟು ಬಾ.’ ಯಂತ್ರಕ್ಕೆ ಯಾರಾದ್ರೂ ರಜಾ ಹಾಕು ಅಂತಾರಾ ಹೇಳು? ಸೋಮವಾರ ಬೆಳಿಗ್ಗೆ ಹೋಗ್ತಿದ್ದೀವಿ. ನಿನಗೆ ತಿಳಿಸಬಾರದು ಅಂತ ಅಮ್ಮನ ಕಟ್ಟಪ್ಪಣೆ. ಅಣ್ಣಾ, ನೀನೂ ರಜಾ ಬರೆದುಕೊಟ್ಟು ಬಾ.