ಅತ್ತೆ ತಿಂದ ಪರಂಗಿ ಹಣ್ಣು

ಜೂನ್ 9, ಸೋಮವಾರ

ಬೆಳಗ್ಗೆ ಮತ್ತೆ ವಾಂತಿ. ಅತ್ತೆಗೆ ಕೇಳಿಸದಿರಲಿ ಅಂತ ನಲ್ಲಿ ಜೋರಾಗಿ ಬಿಟ್ಟುಕೊಂಡೆ. ಐದನೇ ವಾರ. ಮಗು ಎಳ್ಳಿನಷ್ಟಿದೆ ಅನ್ನುತ್ತದೆ ಆ್ಯಪ್. ಎಳ್ಳುಕಾಳೇ ಹೀಗೆ ಆಡಿಸಿದರೆ ಮುಂದೆ ದೇವರೇ ಗತಿ.

ಈ ಸಲ ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳುವುದಿಲ್ಲ. ಅತ್ತೆಗೂ. ಹೋದ ಸಲ ಖುಷಿಗೆ ವೈದ್ಯನಾಥಪುರಕ್ಕೆಲ್ಲ ಮೈಸೂರ್‌ಪಾಕ್ ಹಂಚಿಬಿಟ್ಟರು. ಎಂಟನೇ ವಾರದ ಸ್ಕ್ಯಾನಿನಲ್ಲಿ ಎದೆಬಡಿತ ಇರಲಿಲ್ಲ. ಆಮೇಲೆ ಅದೇ ಜನ ಸಾಲಾಗಿ ಸಮಾಧಾನ ಹೇಳಲು ಬಂದರು. ಅದನ್ನು ಇನ್ನೊಮ್ಮೆ ತಡೆದುಕೊಳ್ಳಲಾರೆ.

ಜೂನ್ 16

ಆರನೇ ವಾರ. ಹೃದಯ ಬಡಿಯಲು ಶುರುವಾಗುವ ಹೊತ್ತಂತೆ. ಸಣ್ಣ ಬಾಲವೂ ಇರುತ್ತದಂತೆ, ಆಮೇಲೆ ಮಾಯ. ನನ್ನ ಪತಿರಾಯ ಯತೀಶನಿಗೆ ಓದಿ ಹೇಳಿದೆ. ಬಾಲ ನಿಮ್ಮಪ್ಪನ ಕಡೆಯದು ಅಂದ. ದಿಂಬು ಎಸೆದೆ.

ಮುದ್ದೆ ಗಂಟಲಲ್ಲಿ ಇಳಿಯುತ್ತಿಲ್ಲ. ಈ ಕಡೆ ಸೊಸೆ ಮುದ್ದೆ ಬಿಟ್ಟಳೆಂದರೆ ಊರಿಗೇ ಅನುಮಾನ. ಗ್ಯಾಸ್ ಟ್ರಬಲ್ ಅಂದೆ. ಅತ್ತೆ ಒಂದು ಸಲ ನೋಡಿದರು.

ಜೂನ್ 19

ನನ್ನ ಗ್ಯಾಸು ಊರೆಲ್ಲ ಹಬ್ಬಿದೆ. ಡೇರಿಗೆ ಹಾಲು ಹಾಕಲು ಹೋದಾಗ ಅತ್ತೆಯೇ ಹೇಳಿ ಬಂದಿದ್ದಾರೆ. ಒಬ್ಬರು ಓಮಿನ ಕಷಾಯ, ಇನ್ನೊಬ್ಬರು ಇಂಗಿನ ಮಜ್ಜಿಗೆ… ಇಲ್ಲದ ಗ್ಯಾಸು ಇವರಿಂದಲೇ ಬರುವ ಹಾಗಿದೆ.

ಇನ್ನೊಂದು. ತಟ್ಟೆಗೆ ಬೀಳುವ ಮುದ್ದೆ ದಿನದಿನಕ್ಕೆ ಸಣ್ಣದಾಗುತ್ತಿದೆ. ಇವತ್ತು ನಿಂಬೆಹಣ್ಣಿನಷ್ಟಿತ್ತು. ನಾನಾಗಿ ಕೇಳಿರಲಿಲ್ಲ.

ಜೂನ್ 27

ಏಳನೇ ವಾರ. ಕೈಕಾಲು ಮೊಳಕೆಯೊಡೆಯುತ್ತಿವೆ. ಪಕ್ಕದ ಮನೆ ಹೊಂಬಾಳಮ್ಮ ಹಿತ್ತಲಿನ ಪರಂಗಿ ಹಣ್ಣು ಹೊತ್ತು ಬಂದರು. ಗ್ಯಾಸಿಗೆ ಇದನ್ನು ಮೀರಿದ ಮದ್ದಿಲ್ಲ, ಎದುರಿಗೇ ತಿನ್ನಬೇಕು ಅಂತ ಹಠ. ಹೆಚ್ಚಿ ತಟ್ಟೆಗೂ ಹಾಕಿದರು.

ಬಸುರಿಗೆ ಪರಂಗಿ ಕೂಡದು ಅಂತ ಇಲ್ಲಿ ಕೂಸಿಗೂ ಗೊತ್ತು. ಚೆನ್ನಾಗಿ ಹಣ್ಣಾಗಿದ್ದರೆ ಪರವಾಗಿಲ್ಲ ಅಂತ ಡಾಕ್ಟರ್ ಅಂದಿದ್ದರೂ ಧೈರ್ಯ ಯಾರಿಗಿದೆ? ಬೇಡವೆಂದರೆ ಗುಟ್ಟು ರಟ್ಟು. ಒಂದು ಹೋಳು ಎತ್ತಿಕೊಂಡೆ. ಅತ್ತೆ ತಟ್ಟೆ ಕಿತ್ತುಕೊಂಡರು.

"ನಂಗೂ ಗ್ಯಾಸು ಕಣಮ್ಮಿ. ಅವ್ಳಿಗಿಂತ ಜಾಸ್ತಿ."

ಇಡೀ ಹಣ್ಣು ತಿಂದರು. ಪರಂಗಿ ವಾಸನೆಗೇ ಮೂಗು ಮುಚ್ಚುವ ಹೆಂಗಸು! ಸಂಜೆಯಿಂದ ಕೋಣೆಗೂ ಕಕ್ಕಸಿಗೂ ಓಡಾಟ. ಓಆರ್‌ಎಸ್ ಕಲಸಿಕೊಟ್ಟೆ. ಮುಖ ಮುಖ ನೋಡಿಕೊಂಡೆವು. ಅವರಿಗೆ ಗೊತ್ತಾಗಿದೆ. ಯಾವಾಗಲೋ ಗೊತ್ತಾಗಿದೆ. ನನ್ನ ಹಾಗೆಯೇ ಮೂರು ತಿಂಗಳು ಕಾಯುತ್ತಿದ್ದಾರೆ.

ಜೂನ್ 30

ಎಂಟನೇ ವಾರ. ಮಗು ಈಗ ಅವರೆಕಾಳಿನಷ್ಟು. ಬೆರಳು ಮೂಡುತ್ತಿರುತ್ತವಂತೆ. ಹೋದ ಸಲವೂ ಇದನ್ನೇ ಓದಿದ್ದೆ.

ಇವತ್ತು ವಾಂತಿ ಆಗಲಿಲ್ಲ. ಎರಡು ಸಲ ಬಚ್ಚಲಿಗೆ ಹೋಗಿ ಕಾದೆ. ವಾಂತಿ ನಿಂತರೆ ಒಳಗೂ ಏನೋ ನಿಂತಿತೇ ಅಂತ ಭಯ. ನಾಳೆ ಸ್ಕ್ಯಾನ್.

ಜುಲೈ 1

ಬ್ಯಾಂಕ್ ಕೆಲಸ ಅಂತ ಮಂಡ್ಯಕ್ಕೆ ಹೊರಟೆವು. ಅತ್ತೆ ರೇಷ್ಮೆ ಸೀರೆ ಉಟ್ಟು ಬಾಗಿಲಲ್ಲಿ. ಅವರಿಗೂ ಬ್ಯಾಂಕಿನಲ್ಲಿ ಕೆಲಸವಂತೆ. ಅವರ ಅಕೌಂಟ್ ಇರುವುದು ಮದ್ದೂರಿನಲ್ಲಿ. ಯತೀಶ ಬಾಯಿ ತೆರೆದ. ಕಾಲು ತುಳಿದೆ.

ಆಲೆಮನೆ ದಾಟುವಾಗ ಬೆಲ್ಲದ ವಾಸನೆಗೆ ಹೊಟ್ಟೆ ತೊಳಸಿತು. ಬಸ್ ಕಿಟಕಿಯಿಂದ ಕಕ್ಕಿದೆ. ವಾಂತಿಗೆ ಇಷ್ಟು ಸಂತೋಷಪಟ್ಟವಳು ನಾನೊಬ್ಬಳೇ ಇರಬೇಕು. "ಗ್ಯಾಸು" ಅಂತ ಅತ್ತೆ ಬಸ್ಸಿಗೆಲ್ಲ ತಿಳಿಸಿದರು.

ಸ್ಕ್ಯಾನ್ ಕೋಣೆಗೆ ನನ್ನ ಜೊತೆ ಒಬ್ಬರಿಗೇ ಪ್ರವೇಶ. ಯತೀಶ ಎದ್ದು ನಿಲ್ಲುವಷ್ಟರಲ್ಲಿ ಅತ್ತೆ ಒಳಗಿದ್ದರು. ಡಾಕ್ಟರ್ ಪರದೆ ನೋಡುತ್ತಾ ಯಂತ್ರವನ್ನು ಅತ್ತಿತ್ತ ಆಡಿಸುತ್ತಲೇ ಇದ್ದರು. ಕಣ್ಣು ಮುಚ್ಚಿಕೊಂಡೆ. ಅತ್ತೆ ಕೈ ಹಿಡಿದ ಬಿಗಿಗೆ ನನ್ನ ಬಳೆ ಒಡೆಯಿತು. ಆಮೇಲೆ ಕೇಳಿಸಿತು… ಡಬ್ ಡಬ್ ಡಬ್ ಡಬ್…

"ನಮ್ ಬೋರ್‌ವೆಲ್ ಮೋಟ್ರು ಇದ್ದಂಗೈತೆ. ಅಂಗೇ ಓಡ್ಲಿ ಬುಡು" ಅಂದರು. ಸೆರಗಿನಲ್ಲಿ ಮೊದಲು ನನ್ನ ಕಣ್ಣು ಒರೆಸಿದರು, ಆಮೇಲೆ ತಮ್ಮದು.

ಬಸ್ಸಿನಲ್ಲಿ ಕಿವಿಯ ಹತ್ತಿರ ಬಗ್ಗಿ: "ಮೂರ್ ತಿಂಗ್ಳು ತುಂಬೋಗಂಟ ಗ್ಯಾಸೇ ಕಣವ್ವ."

ಅದೇ ದಿನ, ಸಂಜೆ

ಹೊಂಬಾಳಮ್ಮ ಗೇಟಿನಲ್ಲಿ. ಇಬ್ಬರ ಗ್ಯಾಸೂ ಹೇಗಿದೆ ಅಂತ ಬೀದಿಗೆ ಕೇಳುವ ಹಾಗೆ ವಿಚಾರಿಸುತ್ತಿದ್ದಾರೆ. ಕಂಕುಳಲ್ಲಿ ಮೊನ್ನೆಯದಕ್ಕಿಂತ ದೊಡ್ಡ ಪರಂಗಿ. ಅತ್ತೆ ಹಣ್ಣು ನೋಡಿದರು, ನನ್ನ ಹೊಟ್ಟೆ ನೋಡಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿ ಜಗಲಿಯಲ್ಲಿ ಕೂತೇಬಿಟ್ಟರು. ಓಆರ್‌ಎಸ್ ಎಲ್ಲಿಟ್ಟೆ—