ಒಂದು ಉಸಿರಿಗೆ ಒಂದು ಗೆರೆ

ಭಾನುವಾರ, ಮಧ್ಯಾಹ್ನ

ನನ್ನ ಪುಟ್ಟಿಗೆ,

ಅಮ್ಮನ ಆಶೀರ್ವಾದ, ಜೊತೆಗೆ ಒಂದಿಷ್ಟು ಬೈಗುಳ. ತರಬೇತಿ ಅಂತ ನೀನು ಊರು ಬಿಟ್ಟು ಹೋಗಿ, ದೊಡ್ಡವರಿಗೆ ನಡೆಸುವ ನಿನ್ನ ಶನಿವಾರದ ಚಿತ್ರದ ಕ್ಲಾಸನ್ನು ನನ್ನ ತಲೆಗೆ ಕಟ್ಟಿದೆಯಲ್ಲ, ಅದಕ್ಕೆ. ಜೀವನವೆಲ್ಲ ಗಣಿತ ಪಾಠ ಮಾಡಿದವಳ ಕೈಗೆ ಕುಂಚ ಕೊಡುವುದೇ? ಫೋನಿನಲ್ಲೇ ಜಗಳ ಆಡಬಹುದಿತ್ತು. ಆದರೆ ನಿನ್ನಪ್ಪ ಪಕ್ಕದಲ್ಲೇ ಕೂತಿರುತ್ತಾರೆ, ಇದು ಅವರದೇ ವಿಷಯ.

ಕೈ ನಡುಗಲು ಶುರುವಾದ ಮೇಲೆ ಅವರು ಬಣ್ಣ ಮುಟ್ಟಿಲ್ಲ, ನಿನಗೂ ಗೊತ್ತು. ಊರಿನ ಅರ್ಧ ಅಂಗಡಿಗಳ ಬೋರ್ಡು ಬರೆದ ಮನುಷ್ಯ, ಈಗ ಕೊರಿಯರ್‌ನವನು ಬಂದರೆ ಸಹಿ ಹಾಕಲು ನನ್ನನ್ನು ಕೂಗುತ್ತಾರೆ. ಮಾತಾಡಿಸಿದರೆ ರೇಗುತ್ತಾರೆ. ಇವರು ಹೀಗೇ ಒಳಗೊಳಗೇ ಒಣಗಿಹೋಗುತ್ತಾರೇನೋ ಅಂತ ನನಗೆ ದಿಗಿಲು. ಒಬ್ಬಳೇ ಕ್ಲಾಸು ಮಾಡಲು ಭಯ ಅಂತ ಸುಳ್ಳು ಹೇಳಿ ನಿನ್ನೆ ಎಳೆದುಕೊಂಡು ಹೋದೆ. ನನಗೆ ಭಯ ಅಂದರೆ ಯಾರು ನಂಬುತ್ತಾರೆ? ಆದರೂ ಬಂದರು. ಬಂದು, ಕಿಟಕಿ ಪಕ್ಕದ ಮೇಜಿನ ಮುಂದೆ ನಮಗೆಲ್ಲ ಬೆನ್ನು ಹಾಕಿ ಕೂತುಬಿಟ್ಟರು.

ನೀನು ಹೇಳಿಕೊಟ್ಟಂತೆ ಮೊದಲು ಎಲ್ಲರನ್ನೂ ಕಣ್ಣು ಮುಚ್ಚಿ ಸುಮ್ಮನೆ ಕೂರಿಸಿದೆ. ಆಮೇಲೆ ಒಂದು ಉಸಿರಿಗೆ ಒಂದು ಗೆರೆ ಎಳೆಯಿರಿ ಅಂದೆ. ನಡುವೆ ಕಣ್ಣು ಬಿಡಿ ಅನ್ನುವುದನ್ನು ಮರೆತೇಬಿಟ್ಟೆ ಕಣೇ! ಪಾಪ, ಟೀಚರ್ ಹೇಳಿದ್ದಾರೆ ಅಂತ ಕಣ್ಣು ಮುಚ್ಚಿಕೊಂಡೇ ಬಿಡಿಸಿದರು. ಬೇಕರಿಯವಳ ಗೆರೆ ಮೇಜಿನ ಮೇಲೆ, ಬ್ಯಾಂಕಿನವರ ಗೆರೆ ಅವರದೇ ಅಂಗಿಯ ತೋಳಿನ ಮೇಲೆ. ಅಯ್ಯೋ, ಮಾನ ಹೋಯ್ತು ಅಂತ ಬಾಯಿ ತೆರೆಯುವಷ್ಟರಲ್ಲಿ ನಿನ್ನಪ್ಪನ ಮೊಣಕೈ ಅಲ್ಲಾಡುವುದು ಕಂಡಿತು. ಹಿಂದಿನಿಂದ ನನಗೆ ಕಂಡದ್ದು ಅಷ್ಟೇ. ತೆರೆದ ಬಾಯಿ ಮುಚ್ಚಿಕೊಂಡೆ.

ಯಾರೂ ನೋಡುತ್ತಿರಲಿಲ್ಲವಲ್ಲ, ಅದಕ್ಕೇ ಕುಂಚ ಹಿಡಿದಿರಬೇಕು. ಕಣ್ಣು ಮುಚ್ಚಿದ್ದರಿಂದ ಗೆರೆ ಸೊಟ್ಟಗಾದದ್ದು ಅವರಿಗೂ ಕಾಣಲಿಲ್ಲ. ನನ್ನ ಮರೆವಿಗೆ ಇಷ್ಟು ಸಂತೋಷ ಯಾವತ್ತೂ ಪಟ್ಟಿಲ್ಲ.

ವಾಪಸು ಬರುವ ದಾರಿಯಲ್ಲಿ ತಾವಾಗಿಯೇ ಮಾತಾಡಿದರು. ಇಷ್ಟು ವರ್ಷ ಬಣ್ಣ ಹಚ್ಚಿದ್ದೆಲ್ಲ ಯಾರದೋ ಅಂಗಡಿಗೆ, ಇವತ್ತಿನ ಗೆರೆ ಯಾರಿಗೂ ಅಲ್ಲ, ದೇವರಿಗಾದರೂ ಬೇಕೋ ಬೇಡವೋ ಗೊತ್ತಿಲ್ಲ, ಆದರೆ ಎಳೆಯುವಾಗ ಎದೆ ಹಗುರಾಯಿತು ಅಂದರು. ಚಿತ್ರ ಬಿಡಿಸುವುದೂ ಒಂದು ಪ್ರಾರ್ಥನೆ ಅಂತ ನೀನು ಹೇಳುವಾಗಲೆಲ್ಲ ನಾನು ಮೂಗು ಮುರಿಯುತ್ತಿದ್ದೆ. ಇನ್ನು ಮುರಿಯುವುದಿಲ್ಲ, ಹೋಗು.

ಈ ಕಾಗದವನ್ನು ಅವರ ಕೈಯಲ್ಲೇ ಅಂಚೆಗೆ ಹಾಕಿಸುತ್ತೇನೆ. ಲಕೋಟೆ ಗಟ್ಟಿಯಾಗಿ ಅಂಟಿಸುತ್ತೇನೆ, ಓದಲಾರರು.

ಇಂತಿ, ನಿನ್ನ ಬದಲಿ ಟೀಚರು,
ಅಮ್ಮ

ತಾ.ಕ.: ಮಗಳೇ, ಇದು ಅಪ್ಪ ಬರೆಯುತ್ತಿರುವುದು. ಅಂಟು ಇನ್ನೂ ಹಸಿಯಾಗಿತ್ತು, ಬಿಚ್ಚಿದೆ. ಅಕ್ಷರ ನಡುಗಿದೆ, ನಿಧಾನವಾಗಿ ಓದು. ನಾನು ಕಣ್ಣು ಮುಚ್ಚಿರಲಿಲ್ಲ. ಗೆರೆ ಸೊಟ್ಟಗೆ ಹೋಗುವುದನ್ನು ಕೊನೆಯವರೆಗೂ ನೋಡಿದೆ. ಚೆನ್ನಾಗಿಯೇ ಇತ್ತು.